ಸವಳು ಹೊಲಕ್ಕೆ ಜಿಪ್ಸಂ: ಚೀಲ ಇಳಿಸುವ ಮೊದಲು ಬಸಿಗಾಲುವೆ ತೆಗೆಯಿರಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಬಹುಪಾಲು ಜೋಳ, ಹತ್ತಿಯಂಥ ಬೆಳೆಗಳಿಗೆಂದು ಲೆಕ್ಕ ಹಾಕಿದ್ದರು. ಹರಿದದ್ದು ಮಾತ್ರ ಭತ್ತಕ್ಕೆ. ಗಂಗಾವತಿ, ಸಿಂಧನೂರು ಸುತ್ತಲಿನ ಎರೆಹೊಲಗಳಲ್ಲಿ ಒಳನೀರು ಮೇಲೆದ್ದು ಸವಳು ಕಾಣಿಸಿಕೊಂಡಿತು. ಇಂಥ ಹೊಲಕ್ಕೆ ಜಿಪ್ಸಂ ಸುರಿದು 'ಏನೂ ಉಪಯೋಗವಾಗಲಿಲ್ಲ' ಎನ್ನುವವರು ಬಹಳ ಮಂದಿ. ತಪ್ಪು ಹೆಚ್ಚಾಗಿ ಹಾಕಿದ ಕ್ರಮದಲ್ಲೇ ಇರುತ್ತದೆ.

1. ಮಣ್ಣು ಪರೀಕ್ಷೆ ಮಾಡಿಸಿ, 'ಜಿಪ್ಸಂ ಅಗತ್ಯ ಎಷ್ಟು' ಎಂದೇ ಕೇಳಿ ಬರೆಸಿಕೊಳ್ಳಿ. ರಸಸಾರ (pH) 8.5 ದಾಟಿದ್ದರೆ ಮಣ್ಣು ಕ್ಷಾರ, ಜಿಪ್ಸಂ ಬೇಕು. ರಸಸಾರ ಅದಕ್ಕಿಂತ ಕಡಿಮೆಯಿದ್ದು ಲವಣ ಮಾತ್ರ ಹೆಚ್ಚಿದ್ದರೆ ಸಿಹಿನೀರಲ್ಲಿ ತೊಳೆದರೆ ಸಾಕು, ಜಿಪ್ಸಂ ದುಡ್ಡು ದಂಡ. ಮಳೆ ನಿಂತ ಮೇಲೆ ಹೊಲದ ಗುಂಡಿ ನೋಡಿ: ನೀರು ದಿನಗಟ್ಟಲೆ ರಾಡಿಯಾಗೇ ಉಳಿದರೆ ಕ್ಷಾರದ ಗುಮಾನಿ.

2. ಹೊಲದ ತಗ್ಗಿನ ಬದಿಗೆ ಮೂರು-ನಾಲ್ಕು ಅಡಿ ಆಳದ ಬಸಿಗಾಲುವೆ ತೋಡಿ ಹಳ್ಳಕ್ಕೆ ಸೇರಿಸಿ. ಎರೆಮಣ್ಣು ಕುಸಿಯುತ್ತದೆ, ದಂಡೆ ಇಳಿಜಾರಾಗಿರಲಿ. ಇದನ್ನು ಬಿಟ್ಟು ಕೆಂಪು ಮಣ್ಣು ಹೇರುವವರಿದ್ದಾರೆ. ಕೆಳಗಿನ ನೀರು ಇಳಿಯದಿದ್ದರೆ ಉಪ್ಪು ಆ ಹೊಸ ಮಣ್ಣಿಗೂ ಏರುತ್ತದೆ.

3. ಮಟ್ಟ ಮಾಡಿ, ಸುತ್ತ ಗಟ್ಟಿ ಬದು ಕಟ್ಟಿ.

4. ಕೆಲಸ ಕೆಡುವುದು ಇಲ್ಲಿ. ಜಿಪ್ಸಂ ಪುಡಿ 2 ಮಿ.ಮೀ. ಜರಡಿಯಲ್ಲಿ ಇಳಿಯುವಷ್ಟು ಸಣ್ಣದಿರಬೇಕು. ಅಗ್ಗಕ್ಕೆ ಸಿಗುವ ಹೆಂಟೆ ಜಿಪ್ಸಂ ವರ್ಷವಾದರೂ ಕರಗದು. ಭತ್ತ ಹಾಕುವುದಾದರೆ ವರದಿಯಲ್ಲಿರುವ ಪ್ರಮಾಣದ ಅರ್ಧ ಸಾಕು. ಸಮನಾಗಿ ಎರಚಿ ಮೇಲಿನ ನಾಲ್ಕು ಇಂಚಿಗಷ್ಟೇ ಬೆರೆಸಿ. ಟ್ರ್ಯಾಕ್ಟರ್ ಇದೆಯೆಂದು ಆಳವಾಗಿ ಉತ್ತರೆ ಅಷ್ಟೇ ಜಿಪ್ಸಂ ಇಮ್ಮಡಿ ಮಣ್ಣಿಗೆ ಹಂಚಿ ತೆಳುವಾಗುತ್ತದೆ.

ಕೂಡಲೇ ನೀರು ನಿಲ್ಲಿಸಿ. ಒಂದು ಲೀಟರ್ ನೀರಲ್ಲಿ ಕರಗುವ ಜಿಪ್ಸಂ ಸುಮಾರು ಎರಡೂವರೆ ಗ್ರಾಂ ಮಾತ್ರ. ಎಕರೆಗೆ ಒಂದು ಟನ್ ಹಾಕಿದರೆ ಅದು ಕರಗಲಿಕ್ಕೇ ಹೊಲದ ತುಂಬ ನಾಲ್ಕು ಇಂಚು ನೀರು ಬೇಕು, ತೊಳೆಯುವ ನೀರು ಬೇರೆ. ಹತ್ತು-ಹದಿನೈದು ದಿನ ಇಂಗಿದಷ್ಟೂ ತುಂಬುತ್ತಿರಿ. ಜಿಪ್ಸಂನ ಸುಣ್ಣದಂಶವು ಮಣ್ಣಿಗಂಟಿದ ಸೋಡಿಯಂ ಬಿಡಿಸುತ್ತದೆ, ಬಿಟ್ಟದ್ದನ್ನು ಕೆಳಕ್ಕೆ ಒಯ್ಯುವುದು ಇಂಗುವ ನೀರು. ಬದು ಒಡೆದು ಮೇಲಿಂದಲೇ ಹರಿಸಿದರೆ ಹೋಗುವುದು ಕರಗಿದ ಜಿಪ್ಸಂ. ಕಾಲುವೆ ನೀರೋ ಮಳೆ ನೀರೋ ಆಗಲಿ; ಉಪ್ಪು ಬೋರಿನ ನೀರು ಬೇಡವೇ ಬೇಡ.

'ಸವಳು ನಿವಾರಕ' ಎಂದು ಬಾಟಲಿಯಲ್ಲಿ ಮಾರುವ ದ್ರಾವಣಗಳಿಗೆ ಮರುಳಾಗಬೇಡಿ. ಟನ್‌ಗಟ್ಟಲೆ ಬೇಕಾದ ಸುಣ್ಣದಂಶ ಲೀಟರಿನಲ್ಲಿ ಬರುವುದಿಲ್ಲ.

5. ಸಮಯವಿದ್ದರೆ ಹಸಿರೆಲೆ ಗೊಬ್ಬರದ ಬೆಳೆಯಾದ ಡಯಾಂಚ ಬಿತ್ತಿ 45 ದಿನಕ್ಕೆ ಮಣ್ಣಿಗೆ ಸೇರಿಸಿ, ಆಮೇಲೆ ಭತ್ತ. 30-35 ದಿನದ ಬಲಿತ ಸಸಿಯನ್ನೇ ಗುಣಿಗೆ ನಾಲ್ಕೈದರಂತೆ ನಾಟಿ. ಎಳೆ ಸಸಿ ಸಾಯುತ್ತದೆ. ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಕೊಡಿ. ಕ್ಷಾರ ಮಣ್ಣಿನಲ್ಲಿ ಯೂರಿಯಾದ ಸಾರಜನಕ ಆವಿಯಾಗುವುದು ಹೆಚ್ಚು, ಕಾಲು ಪಾಲು ಜಾಸ್ತಿ ಹಾಕಿ, ಕಂತಿನಲ್ಲಿ.

6. ಕೊಯ್ಲಾದ ಮೇಲೆ ಬೇಸಿಗೆಯುದ್ದಕ್ಕೂ ಹೊಲವನ್ನು ಬರಿದಾಗಿ ಬಿಟ್ಟರೆ ಬಿಸಿಲು ಉಪ್ಪನ್ನು ಮತ್ತೆ ಮೇಲಕ್ಕೆಳೆಯುತ್ತದೆ. ಹುಲ್ಲನ್ನು ಸುಡದೆ ಹೊದಿಕೆಯಾಗಿ ಹರಡಿ, ಮುಂಗಾರಿಗೆ ಮುಂಚೆ ಬಸಿಗಾಲುವೆಯ ಹೂಳು ತೆಗೆಸಿ.