ನಾಣ್ಯದಷ್ಟಿದ್ದ ಆಮೆ ತಟ್ಟೆಯಷ್ಟಾಗುವ ತನಕ: ಕೆಂಪು ಕಿವಿಯ ಆಮೆ ಸಾಕುವುದು ಹೇಗೆ?

ಹೋದ ತಿಂಗಳು ಪಕ್ಕದ ಬೀದಿಯ ಹುಡುಗಿ ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಆಂಟಿ, ಇದು ನಾಲ್ಕು ದಿನದಿಂದ ಕಣ್ಣೇ ಬಿಡ್ತಿಲ್ಲ" ಅಂದಳು. ಡಬ್ಬಿಯಲ್ಲಿ ಎರಡು ಬೆರಳಷ್ಟು ನೀರು, ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ ತೆಂಗಿನ ಮರ. ಅದರ ಬುಡದಲ್ಲಿ ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಹಸಿರು ಆಮೆ ಮರಿ. ಎರಡೂ ಕಣ್ಣು ನೆನೆಸಿದ ಹೆಸರುಕಾಳಿನಂತೆ ಊದಿಕೊಂಡಿದ್ದವು. ಏನು ಹಾಕ್ತಿದ್ದೀಯ ಎಂದು ಕೇಳಿದೆ. ಅಂಗಡಿಯವರು ಕೊಟ್ಟ ಒಣ ಸೀಗಡಿ, ಅಷ್ಟೇ.

ಇಂಥ ಆಮೆಗಳನ್ನು ಹನ್ನೆರಡು ವರ್ಷಗಳಿಂದ ಸಾಕುತ್ತಿದ್ದೇನೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವುದರಿಂದ ಇದಕ್ಕೆ ಕೆಂಪು ಕಿವಿಯ ಆಮೆ ಎನ್ನುತ್ತಾರೆ. ಅಕ್ವೇರಿಯಂ ಅಂಗಡಿಗಳಲ್ಲಿ ರೆಡ್ ಇಯರ್ಡ್ ಸ್ಲೈಡರ್ ಎಂದು ಕೇಳಿದರೆ ಗೊತ್ತಾಗುತ್ತದೆ. ಇದರ ತವರು ಅಮೆರಿಕದ ಮಿಸಿಸಿಪಿ ನದಿಯ ಬಯಲು. ನಮ್ಮಲ್ಲಿ ಅದೃಷ್ಟ ತರುತ್ತದೆ ಎಂದು ಕೊಳ್ಳುವವರೂ ಇದ್ದಾರೆ, ಮಗು ಹಟ ಮಾಡಿತು ಎಂದು ತರುವವರೂ ಇದ್ದಾರೆ. ಬಹಳಷ್ಟು ಮರಿಗಳು ಮೊದಲ ವರ್ಷವನ್ನೇ ದಾಟುವುದಿಲ್ಲ. ಸರಿಯಾಗಿ ನೋಡಿಕೊಂಡರೆ ಇದೇ ಪ್ರಾಣಿ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಅದು ಹೇಗೆ ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಕೊಳ್ಳುವ ಮೊದಲು

ಮರಿಯನ್ನು ನೋಡಬೇಡಿ, ಅದು ಮುಂದೆ ಏನಾಗುತ್ತದೆ ಎಂಬುದನ್ನು ನೋಡಿ. ಹೆಣ್ಣಾಮೆಯ ಚಿಪ್ಪು 25ರಿಂದ 30 ಸೆಂಟಿಮೀಟರ್ ತನಕ ಬೆಳೆಯುತ್ತದೆ. ನಾವು ಊಟ ಮಾಡುವ ಸ್ಟೀಲ್ ತಟ್ಟೆಯಷ್ಟು. ಗಂಡು ಸ್ವಲ್ಪ ಚಿಕ್ಕದು. ಮರಿ ಇದ್ದಾಗ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ದೊಡ್ಡದಾದ ಮೇಲೆ ಮುಂಗಾಲಿನ ಉಗುರು ಉದ್ದವಾಗಿ, ಬಾಲ ದಪ್ಪಗಿದ್ದರೆ ಗಂಡು.

ಮೂವತ್ತು ವರ್ಷ ಅಂದರೆ ಏನು ಅಂತ ಮನೆಯವರೆಲ್ಲ ಕೂತು ಯೋಚಿಸಬೇಕು. ಇವತ್ತು ಹಟ ಮಾಡುವ ಮಗು ಕಾಲೇಜು ಮುಗಿಸಿ, ಕೆಲಸ ಹಿಡಿದು ಬೇರೆ ಊರಿಗೆ ಹೋದ ಮೇಲೂ ಆಮೆ ನಿಮ್ಮ ಮನೆಯಲ್ಲೇ ಇರುತ್ತದೆ. ಮನೆಯಲ್ಲಿ ಐದು ವರ್ಷದೊಳಗಿನ ಮಗು, ಬಸುರಿ, ಇಲ್ಲವೇ ಕಾಯಿಲೆಯಿಂದ ಸೊರಗಿದವರು ಇದ್ದರೆ ಈಗ ಬೇಡ. ಯಾಕೆಂದು ಮುಂದೆ ಹೇಳುತ್ತೇನೆ.

ಕಾನೂನಿನ ಮಾತೂ ಇಲ್ಲೇ ಆಗಿಬಿಡಲಿ. ಕೆಂಪು ಕಿವಿಯ ಆಮೆಯ ಹೆಸರು ಹೇಳಿ ನಮ್ಮದೇ ನಾಡಿನ ಆಮೆಯನ್ನು ಯಾರಾದರೂ ಕೊಡಲು ಬಂದರೆ ಮುಟ್ಟಬೇಡಿ. ಕೋಲಾರದ ಕಡೆಯ ಕುರುಚಲು ಕಾಡಿನಲ್ಲಿರುವ ನಕ್ಷತ್ರ ಆಮೆ ಗುಮ್ಮಟದಂತೆ ಉಬ್ಬಿರುತ್ತದೆ, ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿರುತ್ತವೆ. ಅದು ನೀರಿನದಲ್ಲ, ನೆಲದ ಆಮೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಅದನ್ನು ಮನೆಯಲ್ಲಿಟ್ಟುಕೊಂಡರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ ಆಗಬಹುದು. ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿಡುವುದೂ ಅಪರಾಧವೇ. ಬಹಳ ಜನ ಇದನ್ನು ಇನ್ನೂ ನಂಬುವುದಿಲ್ಲ.

ಇಗ್ವಾನಾ, ಬಾಲ್ ಪೈಥಾನ್, ಆಫ್ರಿಕನ್ ಗ್ರೇ ಗಿಳಿಯಂಥ ವಿದೇಶಿ ಪ್ರಾಣಿಗಳಿಗೂ ಈಗ ನಿಯಮವಿದೆ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಅದರಂತೆ 2024ರ ಫೆಬ್ರವರಿಯಲ್ಲಿ ನೋಂದಣಿ ನಿಯಮ ಬಂತು. ಕಾಯ್ದೆಯ ನಾಲ್ಕನೇ ಪಟ್ಟಿಯಲ್ಲಿರುವ ಇಂಥ ಪ್ರಾಣಿ ನಿಮ್ಮ ಕೈಗೆ ಬಂದ 30 ದಿನದೊಳಗೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಯಾವುದೇ ಪ್ರಾಣಿ ಇರಲಿ, ಅಂಗಡಿಯಿಂದ ಬಿಲ್ ಪಡೆಯಿರಿ. ಅನುಮಾನವಿದ್ದರೆ ಹತ್ತಿರದ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿ, ಆಮೇಲೆ ದುಡ್ಡು ಕೊಡಿ.

ಎರಡನೇ ಹೆಜ್ಜೆ: ತೊಟ್ಟಿ ಮೊದಲು, ಆಮೆ ಆಮೇಲೆ

ಚಿಪ್ಪಿನ ಉದ್ದ ಎಷ್ಟು ಇಂಚೋ, ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು ಬೇಕು. ಮರಿಗೆ ಎರಡಡಿಯ ಗಾಜಿನ ಟ್ಯಾಂಕ್ ಕೆಲವು ದಿನ ಸಾಕು. ಬೆಳೆದ ಹೆಣ್ಣಿಗೆ 400 ಲೀಟರ್ ಬೇಕಾಗುತ್ತದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಎಂದುಕೊಳ್ಳಿ. 400 ಲೀಟರ್ ಅಂದರೆ ಬರೀ ನೀರಿನ ತೂಕವೇ 400 ಕೆಜಿ. ಬಾಲ್ಕನಿಯಲ್ಲಿ ಇಡುವವರು ಒಮ್ಮೆ ಎಂಜಿನಿಯರನ್ನು ಕೇಳಿ. ಅಂಗಳವಿದ್ದವರಿಗೆ ಸಿಮೆಂಟ್ ತೊಟ್ಟಿಯೇ ಒಳ್ಳೆಯದು. ಅಂಚು ಎತ್ತರವಿರಲಿ, ಮೇಲೆ ಜಾಲರಿ ಇರಲಿ. ಇವು ಹತ್ತುವುದರಲ್ಲಿ ಗಟ್ಟಿ, ಬೆಕ್ಕು ಮತ್ತು ಕಾಗೆಯ ಕಾಟವೂ ಇದೆ.

ನೀರಿನ ಆಳ ಕಡಿಮೆಯೆಂದರೂ ಚಿಪ್ಪಿನ ಉದ್ದದ ಎರಡರಷ್ಟಿರಲಿ. ಇದು ಈಜುವ ಪ್ರಾಣಿ. ತಳಕ್ಕೆ ಸಣ್ಣ ಕಲ್ಲು ಹಾಕಬೇಡಿ, ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಲ್ಲು ಬೇಕೇ ಬೇಕೆಂದರೆ ಆಮೆಯ ತಲೆಗಿಂತ ದೊಡ್ಡದನ್ನು ಹಾಕಿ. ನಾನು ತಳ ಖಾಲಿ ಬಿಟ್ಟಿದ್ದೇನೆ, ತೊಳೆಯಲು ಸುಲಭ.

ಆಮೆ ಮೀನಿಗಿಂತ ತುಂಬಾ ಜಾಸ್ತಿ ಗಲೀಜು ಮಾಡುತ್ತದೆ. ಹಾಗಾಗಿ ಫಿಲ್ಟರ್ ಕೊಳ್ಳುವಾಗ ನಿಮ್ಮ ತೊಟ್ಟಿಯ ಎರಡು ಮೂರು ಪಟ್ಟು ನೀರಿಗೆ ಆಗುವಂಥದ್ದನ್ನು ಕೇಳಿ. ಮರಿಗೆ ಕೊಡುವುದಕ್ಕಿಂತ ಹಲವು ಪಟ್ಟು ಹಣ ಇದಕ್ಕೇ ಹೋಗುತ್ತದೆ. ಫಿಲ್ಟರ್ ಇದ್ದರೂ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ಹಿಡಿದಿಟ್ಟು ಬಳಸಿ. ಬೋರ್‌ವೆಲ್ ನೀರಾದರೆ ಚಿಪ್ಪಿನ ಮೇಲೆ ಬಿಳಿ ಪದರ ಕಟ್ಟಬಹುದು. ಮೆತ್ತಗಿನ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿದರಾಯಿತು.

ಮೂರನೇ ಹೆಜ್ಜೆ: ಬಿಸಿಲು

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡಿ ಎಂದರೆ ನಾನು ಬಿಸಿಲನ್ನೇ ಹೇಳುತ್ತೇನೆ.

ಬೆಳಗ್ಗೆ ಎಂಟರ ಬಿಸಿಲು ಬಿದ್ದ ಕೂಡಲೇ ನಮ್ಮನೆಯ ಹೆಣ್ಣಾಮೆ ಪುಟ್ಟಿ ನೀರಿನಿಂದ ಮೇಲೆ ಬರುತ್ತಾಳೆ. ಇಟ್ಟಿಗೆಯ ಮೇಲೆ ಹೊಟ್ಟೆ ಊರಿ, ಕತ್ತು ಪೂರ್ತಿ ಹೊರಗೆ ಚಾಚಿ, ಹಿಂಗಾಲುಗಳನ್ನು ಎರಡೂ ಕಡೆ ಉದ್ದ ಮಾಡುತ್ತಾಳೆ. ಬೆರಳುಗಳ ನಡುವಿನ ತೆಳು ಚರ್ಮ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ನೀರು ಆರಿ ಚಿಪ್ಪು ಮಾಸಲು ಬಣ್ಣಕ್ಕೆ ತಿರುಗುವ ತನಕ ಕದಲುವುದಿಲ್ಲ. ಯಾರಾದರೂ ಹತ್ತಿರ ಹೋದರೆ ಸಾಕು, ಸರ್ರನೆ ಜಾರಿ ನೀರಿಗೆ. ಸ್ಲೈಡರ್ ಎಂಬ ಹೆಸರು ಬಂದದ್ದೇ ಈ ಜಾರುವಿಕೆಯಿಂದ.

ಇದು ಸೋಮಾರಿತನವಲ್ಲ. ಆಮೆಯ ಮೈ ತಾನಾಗಿ ಬಿಸಿಯಾಗುವುದಿಲ್ಲ. ತಿಂದದ್ದು ಅರಗಬೇಕಾದರೆ ಹೊರಗಿನ ಶಾಖ ಬೇಕು. ಬಿಸಿಲಿನ ಅತಿನೇರಳೆ ಕಿರಣ ಮೈಮೇಲೆ ಬಿದ್ದಾಗ ವಿಟಮಿನ್ ಡಿ ತಯಾರಾಗುತ್ತದೆ. ಅದಿದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಮೂಳೆಗೆ, ಚಿಪ್ಪಿಗೆ ಸೇರುತ್ತದೆ. ಬಿಸಿಲಿಲ್ಲದೆ ಬೆಳೆದ ಮರಿಯ ಚಿಪ್ಪನ್ನು ಮುಟ್ಟಿ ನೋಡಿದ್ದೇನೆ. ನೆನೆದ ರಟ್ಟಿನಂತೆ ಬೆರಳಿಗೆ ತಗ್ಗುತ್ತದೆ.

ಕಿಟಕಿ ಪಕ್ಕ ಇಟ್ಟಿದ್ದೇನಲ್ಲ, ಬಿಸಿಲು ಬೀಳುತ್ತದಲ್ಲ ಎನ್ನುತ್ತಾರೆ. ಗಾಜಿನಲ್ಲಿ ಹಾದು ಬಂದ ಬಿಸಿಲಿನಲ್ಲಿ ಶಾಖ ಇರುತ್ತದೆ, ಬೇಕಾದ ಕಿರಣ ಇರುವುದಿಲ್ಲ. ಗಾಜು ಅದನ್ನು ತಡೆದುಬಿಡುತ್ತದೆ. ಗಾಜಿನ ಟ್ಯಾಂಕನ್ನೇ ಬಿಸಿಲಿಗೆ ಎತ್ತಿಟ್ಟರೆ ಇನ್ನೂ ಅಪಾಯ, ಸ್ವಲ್ಪ ಹೊತ್ತಿನಲ್ಲೇ ನೀರು ಕಾದು ಆಮೆ ಸಾಯಬಹುದು. ಅದರ ಬದಲು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ನಡುವೆ ಇಟ್ಟಿಗೆ ಇಡಿ. ಅರ್ಧ ಭಾಗಕ್ಕೆ ಹಲಗೆಯ ನೆರಳು ಮಾಡಿ. ಬೆಳಗಿನ ಎಳೆ ಬಿಸಿಲಿಗೆ ಅರ್ಧ ಗಂಟೆ, ಒಂದು ಗಂಟೆ ಬಿಡಿ. ಅಲ್ಲೇ ಕೂತು ಕಾಯಿರಿ.

ಮನೆಗೆ ನೇರ ಬಿಸಿಲೇ ಬೀಳದಿದ್ದರೆ ಎರಡು ದೀಪ ಬೇಕು. ಒಂದು ಶಾಖಕ್ಕೆ, ಇನ್ನೊಂದು ಆ ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬ್. ಆಮೆ ಕೂರುವ ಜಾಗ 30ರಿಂದ 35 ಡಿಗ್ರಿ ಬಿಸಿ ಇರಬೇಕು. ಅಂದಾಜಿಗೆ ಬಿಡದೆ ಥರ್ಮಾಮೀಟರ್ ಇಟ್ಟು ನೋಡಿ. ಯುವಿಬಿ ಟ್ಯೂಬ್ ಮತ್ತು ಆಮೆಯ ನಡುವೆ ಗಾಜು, ಪ್ಲಾಸ್ಟಿಕ್ ಇರಬಾರದು. ಬೆಳಕು ಇನ್ನೂ ಬರುತ್ತಿದ್ದರೂ ಕಿರಣದ ಶಕ್ತಿ ಕುಗ್ಗಿರುತ್ತದೆ, ಹಾಗಾಗಿ ಆರು ತಿಂಗಳಿಗೋ ವರ್ಷಕ್ಕೋ ಟ್ಯೂಬ್ ಬದಲಿಸಬೇಕು. ಹಗಲು ಹತ್ತು ಹನ್ನೆರಡು ಗಂಟೆ ಉರಿದು ರಾತ್ರಿ ಆರಲಿ.

ನೀರು 24ರಿಂದ 28 ಡಿಗ್ರಿ ಇದ್ದರೆ ಸರಿ. ಕರಾವಳಿಯಲ್ಲಿ ಹೀಟರಿನ ಯೋಚನೆ ಅಷ್ಟಾಗಿ ಬೇಡ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನ ಚಳಿಗಾಲಕ್ಕೆ ಬೇಕು, ಮರಿಗಳಿಗಂತೂ ಬೇಕೇ ಬೇಕು. ದೊಡ್ಡ ಆಮೆ ಗಾಜಿನ ಹೀಟರನ್ನು ಡಿಕ್ಕಿ ಹೊಡೆದು ಒಡೆಯುತ್ತದೆ, ಸುತ್ತ ಕವಚ ಇರುವುದನ್ನೇ ಕೊಳ್ಳಿ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕೀಳುವ ಅಭ್ಯಾಸ ಮಾಡಿಕೊಳ್ಳಿ.

ನಾಲ್ಕನೇ ಹೆಜ್ಜೆ: ಊಟ

ಒಣ ಸೀಗಡಿ ಊಟವಲ್ಲ, ಕುರುಕಲು ತಿಂಡಿ. ಅದನ್ನೇ ತಿಂದು ಬೆಳೆದ ಮರಿಗೆ ವಿಟಮಿನ್ ಎ ಸಾಲದೆ ಕಣ್ಣು ಊದಿಕೊಳ್ಳುತ್ತದೆ. ಕಣ್ಣು ಕಾಣದಿದ್ದರೆ ಊಟ ಹುಡುಕುವುದಿಲ್ಲ, ಊಟವಿಲ್ಲದೆ ಇನ್ನಷ್ಟು ಸೊರಗುತ್ತದೆ. ಪಕ್ಕದ ಬೀದಿಯ ಮರಿಗೆ ಆದದ್ದೂ ಇದೇ.

ಮರಿಗೆ ದಿನಕ್ಕೊಮ್ಮೆ ಆಮೆಗೆಂದೇ ಮಾಡಿದ ಕಾಳು (ಅಂಗಡಿಯಲ್ಲಿ ಸಿಗುವ ಪೆಲೆಟ್) ಹಾಕಿ. ಎಷ್ಟು? ಅದರ ತಲೆಯ ಗಾತ್ರದಷ್ಟು, ಕತ್ತು ಬಿಟ್ಟು. ಜೊತೆಗೆ ಎರೆಹುಳ, ಬೇಯಿಸದ ಸಣ್ಣ ಮೀನಿನ ಚೂರು ಆಗಾಗ. ದೊಡ್ಡದಾಗುತ್ತಾ ಬಂದಂತೆ ಇದರ ನಾಲಿಗೆ ಸೊಪ್ಪಿನ ಕಡೆ ತಿರುಗುತ್ತದೆ. ಆಗ ಕಾಳು ಎರಡು ಮೂರು ದಿನಕ್ಕೊಮ್ಮೆ ಸಾಕು, ಸೊಪ್ಪು ದಿನಾ ಇರಲಿ. ಲೆಟ್ಯೂಸ್, ತುರಿದ ಕ್ಯಾರೆಟ್, ಸಿಹಿಗುಂಬಳ ಚೆನ್ನಾಗಿ ತಿನ್ನುತ್ತವೆ. ಪಾಲಕ್ ದಿನಾ ಬೇಡ, ಅದು ಕ್ಯಾಲ್ಸಿಯಂ ಮೈಗೆ ಸೇರದಂತೆ ಹಿಡಿದಿಟ್ಟುಕೊಳ್ಳುತ್ತದೆ. ಸಾಕು ಹಕ್ಕಿಗಳ ಪಂಜರಕ್ಕೆ ಹಾಕುವ, ಕ್ಯಾಲ್ಸಿಯಂ ಇರುವ ಕಟಲ್‌ಬೋನ್ ತುಂಡೊಂದನ್ನು ನೀರಿನಲ್ಲಿ ತೇಲಿಬಿಡಿ, ಕಚ್ಚುತ್ತಿರುತ್ತದೆ. ಅನ್ನ, ಬ್ರೆಡ್, ಬಿಸ್ಕತ್ತು, ಹಾಲು ಯಾವುದೂ ಬೇಡ.

ಇವು ನೀರಿನಲ್ಲಿ ಇದ್ದಾಗ ಮಾತ್ರ ನುಂಗಬಲ್ಲವು. ನೆಲದ ಮೇಲೆ ಬಿಟ್ಟು ತಿನ್ನಿಸಲು ಹೋಗಬೇಡಿ. ಬೇರೆ ಟಬ್ಬಿನಲ್ಲಿ ಊಟ ಹಾಕಿ, ಮುಗಿದ ಮೇಲೆ ತೊಟ್ಟಿಗೆ ಬಿಟ್ಟರೆ ನೀರು ಬೇಗ ಕೆಡುವುದಿಲ್ಲ. ನಿಮ್ಮನ್ನು ಕಂಡಾಗಲೆಲ್ಲ ಹಸಿದವರಂತೆ ಈಜಿ ಬರುತ್ತದೆ. ಪ್ರತಿ ಸಲ ಹಾಕಿದರೆ ಕೊಬ್ಬು ಬೆಳೆದು ಕಾಲು ಒಳಗೆಳೆದುಕೊಳ್ಳಲು ಆಗದ ಸ್ಥಿತಿ ಬರುತ್ತದೆ. ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಐದನೇ ಹೆಜ್ಜೆ: ಕೈ ತೊಳೆಯಿರಿ

ಆಮೆ ನೋಡಲು ಆರೋಗ್ಯವಾಗಿದ್ದರೂ ಅದರ ಮೈಮೇಲೆ, ನೀರಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಪುಟ್ಟ ಮಗು, ಬಸುರಿ, ಸೊರಗಿದವರು ಇರುವ ಮನೆಗೆ ಈಗ ಬೇಡ ಎಂದದ್ದು ಇದಕ್ಕೇ. ಮಕ್ಕಳು ಮರಿಯನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರು. ಅದಕ್ಕೇ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲೇ ನಿಲ್ಲಿಸಿದರು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ತೊಟ್ಟಿಯ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಮುತ್ತು ಕೊಡುವುದಂತೂ ಬೇಡವೇ ಬೇಡ.

ಆರನೇ ಹೆಜ್ಜೆ: ಕಾಯಿಲೆ ಗುರುತಿಸುವುದು

ಆಮೆ ಕಾಯಿಲೆಯನ್ನು ಕೊನೆ ತನಕ ಮುಚ್ಚಿಡುತ್ತದೆ. ನಮಗೆ ಕಾಣುವಷ್ಟಾದಾಗ ತಡವಾಗಿರುತ್ತದೆ. ವಾರಕ್ಕೊಮ್ಮೆ ತೂಕ ಬರೆದಿಡಿ. ಒಂದು ಕಡೆ ವಾಲಿಕೊಂಡು ತೇಲುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಿನಲ್ಲಿ ಗುಳ್ಳೆ ಬರುತ್ತಿದ್ದರೆ ಶ್ವಾಸಕೋಶಕ್ಕೆ ಸೋಂಕು ತಗುಲಿರಬಹುದು. ಅವತ್ತೇ ವೈದ್ಯರ ಹತ್ತಿರ ಹೋಗಿ. ಚಿಪ್ಪು ಮೆತ್ತಗಾದರೆ, ಕೆಟ್ಟ ವಾಸನೆ ಬಂದರೆ, ಊಟ ಬಿಟ್ಟರೆ ಕೂಡ ಹೋಗಬೇಕು. ಚಿಪ್ಪಿನ ಮೇಲಿನಿಂದ ತೆಳು ಹಾಳೆಯಂಥ ಪೊರೆ ಕಳಚಿದರೆ ಗಾಬರಿ ಬೇಡ, ಬೆಳೆಯುವಾಗ ಅದು ಮಾಮೂಲು.

ಎಲ್ಲ ಪಶುವೈದ್ಯರೂ ಆಮೆ ನೋಡುವುದಿಲ್ಲ. ನೋಡುವವರು ಯಾರು ಎಂದು ಆಮೆ ತರುವ ಮೊದಲೇ ವಿಚಾರಿಸಿಡಿ. ನಮ್ಮ ಕಣ್ಣಿನ ಹನಿ ಔಷಧಿ, ಮೆಡಿಕಲ್ ಅಂಗಡಿಯ ವಿಟಮಿನ್ ಸುಮ್ನೆ ಹಾಕಬೇಡಿ. ವಿಟಮಿನ್ ಎ ಜಾಸ್ತಿಯಾದರೂ ಚರ್ಮ ಸುಲಿಯುತ್ತದೆ. ಚಿಪ್ಪು ಹೊಳೆಯಲಿ ಎಂದು ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ, ದಯವಿಟ್ಟು ಬೇಡ. ಎಣ್ಣೆಗೆ ಕೊಳೆ ಅಂಟಿ, ಅದರಡಿಯಲ್ಲಿ ಸೋಂಕು ಬೆಳೆಯುತ್ತದೆ.

ಇನ್ನೊಂದು ಮಾತು. ಹೆಣ್ಣಾಮೆ ಗಂಡಿನ ಜೊತೆ ಇಲ್ಲದಿದ್ದರೂ ಮೊಟ್ಟೆ ಇಡುತ್ತದೆ. ಪುಟ್ಟಿ ಒಮ್ಮೆ ಎರಡು ದಿನ ಊಟ ಬಿಟ್ಟು, ತೊಟ್ಟಿಯ ಗೋಡೆಯನ್ನು ಹಿಂಗಾಲಿನಿಂದ ಕೆರೆಯುತ್ತಲೇ ಇದ್ದಳು. ಮಣ್ಣು ಹುಡುಕುತ್ತಿದ್ದಾಳೆ ಎಂದು ಹೊಳೆದದ್ದು ಆಮೇಲೆ. ಒದ್ದೆ ಮರಳು ತುಂಬಿದ ಟಬ್ಬಿಗೆ ಬಿಟ್ಟೆ. ಸಂಜೆಯ ಹೊತ್ತಿಗೆ ಗುಂಡಿ ತೋಡಿ ಆರು ಮೊಟ್ಟೆ ಇಟ್ಟು, ಹಿಂಗಾಲಿನಿಂದಲೇ ನೀಟಾಗಿ ಮುಚ್ಚಿದಳು. ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಜೀವಕ್ಕೇ ಕುತ್ತು.

ಸಾಕಲು ಆಗದಿದ್ದರೆ

ಕೆರೆಗೆ ಬಿಡಬೇಡಿ. ದೇವಸ್ಥಾನದ ಕಲ್ಯಾಣಿಗೂ ಬೇಡ. ಬಿಡುವವರು ಪುಣ್ಯದ ಕೆಲಸ ಎಂದೇ ತಿಳಿದಿರುತ್ತಾರೆ, ಅದು ನನಗೆ ಗೊತ್ತು. ಆದರೆ ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ಬಿಸಿಲು ಕಾಯುವ ಕಲ್ಲು, ಮರದ ದಿಮ್ಮಿ, ಊಟ ಎಲ್ಲದರಲ್ಲೂ ನಮ್ಮ ಕೆರೆಯ ಆಮೆಗಳನ್ನು ತಳ್ಳಿ ತಾನು ನಿಲ್ಲುತ್ತದೆ. ರೋಗವನ್ನೂ ಹೊತ್ತು ತರಬಹುದು. ಐರೋಪ್ಯ ಒಕ್ಕೂಟ ಇದರ ಆಮದನ್ನು 1997ರಲ್ಲೇ ನಿಲ್ಲಿಸಿತು. ಜಪಾನ್ 2023ರ ಜೂನ್‌ನಿಂದ ಮಾರಾಟವನ್ನೂ, ಹೊರಗೆ ಬಿಡುವುದನ್ನೂ ನಿಷೇಧಿಸಿದೆ, ಈಗಾಗಲೇ ಸಾಕಿದವರು ಇಟ್ಟುಕೊಳ್ಳಬಹುದು. ನಮ್ಮ ಊರಿನ ಕೆರೆಗಳಲ್ಲೂ ಇವು ಬಿಸಿಲು ಕಾಯುತ್ತಾ ಕೂತಿರುವುದು ಕಾಣುತ್ತದೆ. ಯಾರೋ ಒಬ್ಬರ ಮನೆಯ ಡಬ್ಬಿಯಿಂದಲೇ ಅಲ್ಲಿಗೆ ಹೋದವು ಅಲ್ವಾ?

ಬಿಡುವುದಕ್ಕಿಂತ ಜಾಗವಿರುವ ಸಾಕಣೆದಾರರನ್ನು ಹುಡುಕಿ. ಪ್ರಾಣಿ ರಕ್ಷಣಾ ಸಂಸ್ಥೆಗಳನ್ನು, ಅರಣ್ಯ ಇಲಾಖೆಯನ್ನು ಕೇಳಿ. ನನ್ನ ತೊಟ್ಟಿಯ ಮೂರರಲ್ಲಿ ಎರಡು ಹೀಗೆ ಬೇರೆಯವರಿಂದ ಬಂದವೇ.

ಆ ಹುಡುಗಿಯ ಮರಿಯನ್ನು ಅವತ್ತೇ ವೈದ್ಯರಿಗೆ ತೋರಿಸಿದೆವು. ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ವೈದ್ಯರು ಕೊಟ್ಟ ಔಷಧಿ ಹಾಕಿ, ಹದಿನೇಳನೇ ದಿನ ಎಡಗಣ್ಣು ಬಿಟ್ಟಿತು. ಬಲಗಣ್ಣು ಇನ್ನೂ ಅರ್ಧ. ಅವಳ ಅಪ್ಪ ಮೂರಡಿಯ ಟ್ಯಾಂಕ್ ತಂದಿದ್ದಾರೆ. ಪ್ಲಾಸ್ಟಿಕ್ ತೆಂಗಿನ ಮರ ಇದ್ದ ಕಡೆ ಈಗ ಒಂದು ಒರಟು ಇಟ್ಟಿಗೆ ಇದೆ. ಶನಿವಾರ ಸಂಜೆ ಓಡಿ ಬಂದು ಹೇಳಿದಳು: "ಆಂಟಿ, ಇವತ್ತು ತಾನೇ ಇಟ್ಟಿಗೆ ಹತ್ತಿತು."