ಚೇಂಬರ್ ಬೋಲ್ಟಿನ ತುದಿಯ ಕಾಡಿಗೆ

ನನ್ನ ಆಲ್ಟೊ 800ಕ್ಕೆ ಆಯಿಲ್ ಬದಲಿಸುವುದು ನಾನೇ. ಭಾನುವಾರ ಬೆಳಿಗ್ಗೆ ಎಂಜಿನ್ ಸ್ವಲ್ಪ ಬಿಸಿ ಮಾಡಿ, ಮುಂದಿನ ಎರಡು ಗಾಲಿ ಎತ್ತಿ ಸ್ಟ್ಯಾಂಡಿಗೆ ಕೊಟ್ಟು, ಹಳೆಯ ಬೇಸಿನ್ ಒಂದನ್ನು ಕೆಳಗೆ ತಳ್ಳಿದರೆ ಅರ್ಧ ಕೆಲಸ ಮುಗಿದಂತೆ. (ಬರೀ ಜಾಕಿ ನಂಬಿ ಕಾರಿನಡಿ ನುಗ್ಗುವವರಿಗೆ ಕೈ ಮುಗಿಯುತ್ತೇನೆ.) ಎಂಜಿನ್ನಿನಡಿ ಎಣ್ಣೆ ನಿಲ್ಲುವ ಆಯಿಲ್ ಚೇಂಬರಿನ ತಳದಲ್ಲಿರುವ ಡ್ರೇನ್ ಬೋಲ್ಟನ್ನು (ಹಳೆ ಎಣ್ಣೆ ಇಳಿಸಲು ಬಿಚ್ಚುವುದು ಇದನ್ನೇ) ತೆಗೆದು, ಅದರ ಜಾಗಕ್ಕೆ ಎಣ್ಣೆಯಲ್ಲಿನ ಕಬ್ಬಿಣದ ಹುಡಿ ಹಿಡಿಯಲು ತುದಿಯಲ್ಲಿ ಅಯಸ್ಕಾಂತವಿರುವ ಬೋಲ್ಟು ಹಾಕಬೇಕೆಂಬ ಹುಚ್ಚು ಹತ್ತಿದ್ದು ಹೀಗೆ ಅಡಿಯಲ್ಲಿ ಮಲಗಿದ್ದಾಗಲೇ.

ಅಳತೆ ಕಷ್ಟವಿರಲಿಲ್ಲ. 14 ಮಿ.ಮೀ. ದಪ್ಪ, 1.5 ಪಿಚ್, ಅಂದರೆ ಥ್ರೆಡ್ಡಿನ ಸುತ್ತುಗಳ ನಡುವೆ ಒಂದೂವರೆ ಮಿ.ಮೀ. ಅಂತರ. ಆನ್‌ಲೈನಿನಲ್ಲಿ ಎಲ್ಲಕ್ಕಿಂತ ಅಗ್ಗವಾಗಿದ್ದುದನ್ನೇ ತರಿಸಿಕೊಂಡೆ. ಆ ತಪ್ಪಿನ ಕಥೆ ಆಮೇಲೆ ಬರುತ್ತದೆ.

ಮುಂದಿನ ಸಲ ಬಿಚ್ಚಿ ನೋಡಿದಾಗ ಎದೆ ಧಸಕ್ಕೆಂದಿತು. ತುದಿಯ ತುಂಬ ಕಪ್ಪು ಬೂದಿ ಬಣ್ಣದ ಮೇಣ, ಹುಲ್ಲು ಮೊಳೆತಂತೆ ನಿಂತಿದೆ. ಎಂಜಿನ್ ಸವೆದುಹೋಯಿತೆಂದೇ ಲೆಕ್ಕ ಹಾಕಿ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದ ಸೋದರಮಾವನಿಗೆ ಫೋಟೊ ಕಳಿಸಿ ಫೋನ್ ಮಾಡಿದೆ.

"ಬೆರಳಲ್ಲಿ ಉಜ್ಜಿ ನೋಡಿದ್ಯೇನೋ?"

"ಕಾಡಿಗೆ ಥರ ಇದೆ ಮಾವ."

"ಚುಚ್ಚುತ್ತಾ?"

"ಇಲ್ಲ."

"ಹಾಗಾದ್ರೆ ಒರೆಸಿ ಹಾಕಿ ತಿಂಡಿ ತಿನ್ನು ಹೋಗು."

ಅವರಿಗೆ ಇದು ಹೊಸದೇನಲ್ಲ. ವಿಮಾನದ ಎಂಜಿನ್ನಿನಲ್ಲಿ, ಹೆಲಿಕಾಪ್ಟರಿನ ಗೇರ್‌ಬಾಕ್ಸಿನಲ್ಲಿ ಎಣ್ಣೆ ಹರಿಯುವ ದಾರಿಯಲ್ಲೇ ಅಯಸ್ಕಾಂತದ ಚಿಪ್ ಡಿಟೆಕ್ಟರ್ ಕೂತಿರುತ್ತದೆ. ಎರಡು ಸಂಪರ್ಕಗಳ ನಡುವಿನ ಸಂದಿಯಲ್ಲಿ ಲೋಹದ ಚೂರು ಅಡ್ಡ ಬಿದ್ದು ವಿದ್ಯುತ್ ಹರಿಯಿತೆಂದರೆ ಪೈಲಟ್ ಎದುರು ದೀಪ ಹೊತ್ತಿಕೊಳ್ಳುತ್ತದೆ. ನನ್ನ ಬೋಲ್ಟಿಗೆ ದೀಪವಿಲ್ಲ. ನಾನೇ ಬಿಚ್ಚಿ ನೋಡಬೇಕು, ಅಷ್ಟೇ ವ್ಯತ್ಯಾಸ. ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆ, ಕ್ಯಾಮ್‌ಶಾಫ್ಟ್ ಇವು ಒಂದಕ್ಕೊಂದು ತಿಕ್ಕುತ್ತ ಸವೆಯುವುದು ಸಹಜ. ಆ ಹುಡಿಯೇ ಕಾಡಿಗೆಯಾಗಿ ಕೂರುತ್ತದೆ. ಹೊಸ ಎಂಜಿನ್ನಿನ ಮೊದಲ ಆಯಿಲ್‌ನಲ್ಲಿ ಇನ್ನೂ ಹೆಚ್ಚು. ಹೆದರಬೇಕಾದದ್ದು ಕೈಗೆ ಚುಚ್ಚುವ ಸಿಬಿರು, ಬೆಳಕಿಗೆ ಮಿಂಚುವ ಚಕ್ಕೆ ಕಂಡಾಗ.

ಅದೂ ಒಮ್ಮೆ ಕಂಡಿತು. ಎರಡನೇ ಸಲ ಬೋಲ್ಟು ಬಿಚ್ಚಿದರೆ ತುದಿ ಬೋಳು, ಅಯಸ್ಕಾಂತವೇ ಇಲ್ಲ! ಅದನ್ನು ಬರೀ ಅಂಟು ಹಾಕಿ ಕೂರಿಸಿದ್ದರು. ಬಿಸಿ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಬೆಂದು ಅಂಟು ಬಿಟ್ಟಿತ್ತು. ಪುಣ್ಯಕ್ಕೆ ಈ ಕಾರಿನ ಚೇಂಬರು ಉಕ್ಕಿನ ತಗಡಿನದು. ಕಳಚಿದ ಅಯಸ್ಕಾಂತ ಎಲ್ಲೂ ಅಲೆಯದೆ ರಂಧ್ರದ ಪಕ್ಕದ ಗೋಡೆಗೇ ಕಚ್ಚಿಕೊಂಡಿತ್ತು. ಸೈಕಲ್ ಕಡ್ಡಿಯನ್ನು ಕೊಕ್ಕೆ ಮಾಡಿ ಒಳಗೆ ಬಿಟ್ಟು, ಮುಖದ ಮೇಲೆ ತೊಟ್ಟಿಕ್ಕುವ ಎಣ್ಣೆ ಒರೆಸಿಕೊಳ್ಳುತ್ತ ಮುಕ್ಕಾಲು ಗಂಟೆ ಗಾಳ ಹಾಕಿದ ಮೇಲೆ ಕೊನೆಗೂ ಸಿಕ್ಕಿತು. ಅದರ ಮೈಮೇಲೆ ಎರಡು ಮಿಂಚುವ ಸುರುಳಿ ಚೂರು.

ಆ ದಿನ ಮಾವನಿಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ಮನೆ ಹತ್ತಿರದ ಗ್ಯಾರೇಜಿನ ಮೇಸ್ತ್ರಿಗೆ ತೋರಿಸಿದೆ. ಅವರು ಚೂರನ್ನು ನೋಡಲೇ ಇಲ್ಲ, ಬೋಲ್ಟನ್ನು ಕೈಗೆತ್ತಿಕೊಂಡು ಉಗುರಿನಲ್ಲಿ ಥ್ರೆಡ್ ಗೀರಿದರು. "ಸಾರ್, ಇದು ಗರಗಸ. ಹಾಕುವಾಗ ಚೇಂಬರಿನ ಥ್ರೆಡ್ಡನ್ನೇ ಹೆರೆದಿದೆ." ಎಂಜಿನ್ ಕಾಯಲು ಹಾಕಿದ ಬೋಲ್ಟು ತಾನು ಮಾಡಿದ ಗಾಯದ ಚೂರನ್ನು ತಾನೇ ಹಿಡಿದು ತೋರಿಸಿತ್ತು.

ಈಗಿರುವುದು ದುಬಾರಿ ಬೋಲ್ಟು. ಅಯಸ್ಕಾಂತವನ್ನು ಗುಳಿ ಕೊರೆದು ಒಳಗೆ ಒತ್ತಿ, ಅಂಚನ್ನು ಮಡಿಸಿ ಹಿಡಿಸಿದ್ದಾರೆ. ಕೊಳ್ಳುವಾಗ ಕೇಳಿದ ಇನ್ನೊಂದು ಪ್ರಶ್ನೆ, ಎಷ್ಟು ಬಿಸಿ ತಡೆಯುತ್ತದೆ ಎಂದು. ಸಾಧಾರಣ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಎಂಜಿನ್ ಆಯಿಲ್ ಓಡಾಟದಲ್ಲಿ 100 ಡಿಗ್ರಿ ಮುಟ್ಟುವುದು ಮಾಮೂಲು. 150 ಡಿಗ್ರಿ ತಡೆಯುವ ದರ್ಜೆಯೋ, ಅದಕ್ಕಿಂತಲೂ ಹೆಚ್ಚು ತಾಳುವ ಸಮೇರಿಯಂ ಕೋಬಾಲ್ಟ್ ಅಯಸ್ಕಾಂತವೋ ಆಗಬೇಕು. "ಸೂಪರ್ ಪವರ್" ಎಂದಷ್ಟೇ ಬರೆದವರ ಮಾಲು ನನಗೆ ಬೇಡ.

ಹಾಕುವಾಗ ಮೊದಲ ನಾಲ್ಕೈದು ಸುತ್ತು ಕೈಬೆರಳಿನಲ್ಲೇ ತಿರುಗಬೇಕು. ಬಿಗಿ ಅನಿಸಿದರೆ ಸ್ಪ್ಯಾನರ್ ಮುಟ್ಟದೆ ಹಿಂದಕ್ಕೆ ಬಿಚ್ಚುತ್ತೇನೆ. ಪ್ರತಿ ಸಲ ಹೊಸ ವಾಷರ್. ಬಿಗಿ 35 ನ್ಯೂಟನ್ ಮೀಟರ್, ಬಿಗಿಯ ಅಳತೆ ಹೇಳುವ ಸ್ಪ್ಯಾನರ್ ಆದ ಟಾರ್ಕ್ ವ್ರೆಂಚ್ "ಟಿಕ್" ಎಂದರೆ ಸಾಕು. ಪೈಪು ಸಿಕ್ಕಿಸಿ ಎಳೆಯುವುದು ಬೇಡ. ಅಲ್ಯೂಮಿನಿಯಂ ಚೇಂಬರಿನ ಕಾರಾದರೆ ಥ್ರೆಡ್ ಒಂದೇ ಸಲಕ್ಕೆ ಹೋಗುತ್ತದೆ.

ತುದಿಯ ಕಾಡಿಗೆಯನ್ನು ಹಳೆ ಪಂಚೆಯ ತುಂಡಿನಲ್ಲಿ ಒರೆಸುವ ಮೊದಲು ಬಿಳಿ ಕಾಗದದ ಚೀಟಿಗೆ ಒಮ್ಮೆ ಒತ್ತುತ್ತೇನೆ. ಪಕ್ಕದಲ್ಲಿ ತಾರೀಖು, ಮೀಟರ್ ಓದು. ಹತ್ತು ಸಾವಿರ ಕಿಲೋಮೀಟರಿಗೊಂದು ಚೀಟಿ. ಎಲ್ಲವೂ ಗ್ಲವ್ ಬಾಕ್ಸಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇವೆ. ಒಂದು ಚೀಟಿಯಿಂದ ಏನೂ ತಿಳಿಯದು. ನಾಲ್ಕೈದನ್ನು ಸಾಲಾಗಿ ಇಟ್ಟು ನೋಡಿದರೆ ಕಪ್ಪು ಹೆಚ್ಚುತ್ತಿದೆಯೋ ಹಾಗೇ ಇದೆಯೋ ಕಣ್ಣಿಗೆ ಕಾಣುತ್ತದೆ. ಈ ಬೋಲ್ಟಿನಿಂದ ನನಗೆ ನಿಜವಾಗಿ ಸಿಕ್ಕಿರುವ ಲಾಭ ಇದೊಂದೇ. ಎಂಜಿನ್ ಆಯುಸ್ಸು ಹೆಚ್ಚಿದೆಯೇ ಎಂದು ಕೇಳುವವರಿಗೆ ನನ್ನ ಬಳಿ ಸಾಕ್ಷಿಯಿಲ್ಲ. ಫಿಲ್ಟರಿನ ಕಾಗದಕ್ಕೆ ಸಿಗದಷ್ಟು ಸಣ್ಣ ಹುಡಿ ಇದಕ್ಕೆ ಸಿಗುವುದು ನಿಜ, ಆದರೆ ಹತ್ತಿರ ಸುಳಿದದ್ದು ಮಾತ್ರ. ಇದನ್ನು ನಂಬಿ ಆಯಿಲ್ ಬದಲಿಸುವುದನ್ನು ಮುಂದೂಡಿದರಂತೂ ಮೂರ್ಖತನ.

ಇನ್ನು ಕಬ್ಬಿಣ, ಉಕ್ಕು ಬಿಟ್ಟರೆ ಮಿಕ್ಕ ಸವೆತಕ್ಕೆಲ್ಲ ಅಯಸ್ಕಾಂತ ಕುರುಡು. ಪಿಸ್ಟನ್ ಅಲ್ಯೂಮಿನಿಯಂ, ಬೇರಿಂಗಿನ ಮೇಲ್ಪದರ ತಾಮ್ರ, ತವರ, ಅಲ್ಯೂಮಿನಿಯಂ ಬೆರೆತದ್ದು. ಅವು ಸವೆದರೂ ತುದಿ ಸ್ವಚ್ಛವಾಗಿಯೇ ಇರಬಹುದು. ಅದಕ್ಕೆ ಬೇಸಿನ್ನಿನ ಆಯಿಲನ್ನು ಬಿಸಿಲಿಗೆ ಹಿಡಿದು, ಹೊಂಬಣ್ಣದ ಅಥವಾ ಬೆಳ್ಳಿಯ ಮಿನುಗು ಇದೆಯೇ ಎಂದು ನೋಡಿಯೇ ಡಬ್ಬಿಗೆ ಸುರಿಯುವುದು.

ಹೋದ ತಿಂಗಳು ಪಕ್ಕದ ಮನೆ ಹುಡುಗ ತನ್ನ ಬೈಕಿಗೂ ಇಂಥದ್ದೊಂದು ಹಾಕಬಹುದಾ ಅಂಕಲ್ ಎಂದು ಕೇಳಿದ. ಕಾರಿಗಿಂತ ಬೈಕಿಗೇ ಇದು ಹೆಚ್ಚು ಸರಿ ಅಂದೆ. ಅವನ ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಗೇರಿನ ಹಲ್ಲು ಸವೆದ ಚೂರೂ ಅದೇ ಎಣ್ಣೆಯಲ್ಲಿ ಸುತ್ತುತ್ತದೆ. ಬೋಲ್ಟು ಅವನೇ ಕೊಂಡ. ನಾನು ಟಾರ್ಕ್ ವ್ರೆಂಚನ್ನೂ ಒಂದು ಕಟ್ಟು ಬಿಳಿ ಚೀಟಿಯನ್ನೂ ಕೊಟ್ಟಿದ್ದೇನೆ. ವ್ರೆಂಚು ಮಾತ್ರ ಇನ್ನೂ ವಾಪಸು ಬಂದಿಲ್ಲ.