ಮಿಕ್ಕ ಮೂರು ಲಕ್ಷ ಎಪ್ಪತ್ತಾರು ಸಾವಿರ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ವಾರ, ಮೈಸೂರಿನ ನಮ್ಮ ಪುಟ್ಟ ಟ್ರಸ್ಟಿನ ಖಜಾಂಚಿಯಾಗಿದ್ದ ನನ್ನ ಮೊಬೈಲು ಹಣ ಜಮೆಯಾದ ಸಂದೇಶಗಳಿಂದ ಬಡಿದುಕೊಳ್ಳುತ್ತಲೇ ಇತ್ತು. ನಾವು ಕಳಿಸಿದ್ದ ಮನವಿ ಒಂದೇ ಸಾಲಿನದು: ‘ಕೊಡಗಿನ ಸಂತ್ರಸ್ತರಿಗೆ ನೆರವಾಗಿ.’ ಅವಸರದಲ್ಲಿ ನಾನೇ ಬರೆದದ್ದು. ಮುಂದೆ ಒಂದು ವರ್ಷ ನಮ್ಮನ್ನು ಕಾಡಿದ್ದು ಅದೇ ಸಾಲು.

ಒಟ್ಟು ಒಂಬತ್ತು ಲಕ್ಷ ನಲವತ್ತು ಸಾವಿರ ರೂಪಾಯಿ ಬಂತು. ಪರಿಹಾರ ಕೇಂದ್ರಗಳಿಗೆ ಹೋದರೆ ಅಲ್ಲಿ ಅಕ್ಕಿ ಮೂಟೆ, ಕಂಬಳಿ, ಹಳೆಯ ಸೀರೆಗಳ ರಾಶಿ ಆಗಲೇ ಬಿದ್ದಿತ್ತು. ಕೇಂದ್ರ ಬಿಟ್ಟು ಬಾಡಿಗೆ ಮನೆ ಹಿಡಿದವರಿಗೆ ಒಲೆ, ಪಾತ್ರೆ, ಹಾಸಿಗೆ ಕೊಡಿಸಿದೆವು. ಮಕ್ಕಳಿಗೆ ಪುಸ್ತಕ, ಶುಲ್ಕ. ಡಿಸೆಂಬರ್ ಹೊತ್ತಿಗೆ ‘ಇನ್ನು ಕೇಳುವವರಿಲ್ಲ’ ಎಂದುಕೊಂಡೆವು. ಖಾತೆಯಲ್ಲಿ ಶೇ 40ರಷ್ಟು ಹಾಗೆಯೇ ಇತ್ತು.

ಅಧ್ಯಕ್ಷರಿಗೆ ನಮ್ಮ ಕಟ್ಟಡದ ಸೋರುವ ಛಾವಣಿ ನೆನಪಾಯಿತು. “ಅದೂ ಸೇವೆಯ ಕಟ್ಟಡವೇ ಅಲ್ಲವೆ?” ಎಂದರು. ಕೆಟ್ಟವರಲ್ಲ, ಮಿಕ್ಕ ಹಣ ಎದುರಿಗಿದ್ದಾಗ ಇಂಥ ವಾದ ಬಹಳ ಸಹಜವಾಗಿ ಹುಟ್ಟುತ್ತದೆ. ನಾನು ಅದನ್ನು ತಡೆದೆ, ಆದರೆ ತಡೆದು ಮಾಡಿದ್ದೇನು? ಠೇವಣಿ ಇಟ್ಟೆ. ಯಾರಿಗೂ ಹೇಳಲಿಲ್ಲ. ಕದ್ದಿಲ್ಲವಲ್ಲ ಎಂಬ ಸಮಾಧಾನದಲ್ಲಿ ಮೂರು ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮಾರ್ಚ್‌ನಲ್ಲಿ ಮಾದಾಪುರದ ಕಡೆ ಹೋದಾಗ ಕಾಫಿ ತೋಟದ ಲೈನ್ ಮನೆಯಲ್ಲಿ (ಕೂಲಿಕಾರರ ಸಾಲುಮನೆ) ಇದ್ದ ಕುಟುಂಬವೊಂದು ಸಿಕ್ಕಿತು. ಮನೆ ಕುಸಿದಿತ್ತು, ಆದರೆ ಮನೆ ಅವರದಲ್ಲ, ತೋಟದ ಮಾಲೀಕರದು. ಹಾಗಾಗಿ ಮನೆ ಕಳೆದುಕೊಂಡವರ ಯಾವ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ತೋಟವೇ ಮಣ್ಣಿನಡಿ ಹೋದದ್ದರಿಂದ ಕೂಲಿಯೂ ಇಲ್ಲ. ಕೇಂದ್ರಗಳನ್ನಷ್ಟೇ ನೋಡಿ ‘ಮಿಕ್ಕಿತು’ ಎಂದು ತೀರ್ಮಾನಿಸಿದ್ದ ನನಗೆ ಮುಖ ಎತ್ತಲು ಆಗಲಿಲ್ಲ. ದುಡ್ಡು ಮೊದಲ ವಾರವೇ ಬರುತ್ತದೆ; ಯಾರು ಪಟ್ಟಿಯಿಂದ ಹೊರಗುಳಿದರು ಎನ್ನುವುದು ಕಾಣಿಸುವುದಕ್ಕೆ ಆರು ತಿಂಗಳು ಬೇಕು. ಅಲ್ಲಿನ ಹನ್ನೊಂದು ಕುಟುಂಬಗಳಿಗೆ ಬಾಡಿಗೆ ಮುಂಗಡ ಕೊಡುವುದಾಗಿ ಒಪ್ಪಿಕೊಂಡು ಬಂದೆ.

ಜುಲೈನಲ್ಲಿ ಆಡಿಟರ್ ಇನ್ನೊಂದು ಪೆಟ್ಟು ಕೊಟ್ಟರು. ಆಗಿನ ಆದಾಯ ತೆರಿಗೆ ಕಾಯ್ದೆಯ 11ನೇ ಕಲಂ ಪ್ರಕಾರ ಟ್ರಸ್ಟ್ ತನ್ನ ಆದಾಯದ ಶೇ 85ನ್ನು ಉದ್ದೇಶಕ್ಕೆ ಬಳಸಬೇಕಿತ್ತು. ಅದರಲ್ಲಿ ಉಳಿಸಿಕೊಳ್ಳುವುದಾದರೆ ಯಾವುದಕ್ಕೆ ಎಂದು ನಮೂನೆ 10ರಲ್ಲಿ ಬರೆದುಕೊಡಬೇಕಿತ್ತು, ಅದೂ ಹೆಚ್ಚೆಂದರೆ ಐದು ವರ್ಷಕ್ಕೆ. “ಯಾವುದಕ್ಕೆ ಎಂದು ಬರೆಯಲಿ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ 2019ರ ಆಗಸ್ಟ್ ಬಂತು. ಮಲಪ್ರಭೆ ಉಕ್ಕಿ ಬೆಳಗಾವಿ ಜಿಲ್ಲೆಯ ರಾಮದುರ್ಗ ಮುಳುಗಿತು. ಉಳಿದದ್ದೆಲ್ಲವನ್ನೂ ಅಲ್ಲಿಗೆ ಕಳಿಸೋಣ ಎಂದು ಸಮಿತಿಯಲ್ಲಿ ಎಲ್ಲರದೂ ಒಂದೇ ಮಾತು. ನೆರೆ ನೆರೆಯೇ, ನಿಜ. ಆದರೆ ಹಣ ಕೊಟ್ಟವರು ಕೊಡಗಿನ ಹೆಸರಿಗೆ ಕೊಟ್ಟಿದ್ದರು. ಆಗ ನಾನು ಎರಡು ಪ್ರಸಂಗಗಳನ್ನು ಸಭೆಯ ಮುಂದಿಟ್ಟೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕನ್ ರೆಡ್‌ಕ್ರಾಸ್ ಬಂದ ದೇಣಿಗೆಯ ಒಂದು ಭಾಗವನ್ನು ಮುಂದಿನ ಅಗತ್ಯಗಳಿಗೆ ಎತ್ತಿಡಲು ಹೋಗಿ ದೊಡ್ಡ ಟೀಕೆಗೆ ಸಿಕ್ಕಿ ನಿರ್ಧಾರ ಬದಲಿಸಬೇಕಾಯಿತು. 2004ರ ಸುನಾಮಿಯ ನಂತರ ಎಂಎಸ್‌ಎಫ್ (‘ಗಡಿಗಳಿಲ್ಲದ ವೈದ್ಯರು’) ಎಂಬ ಸಂಸ್ಥೆ, ಕೆಲವೇ ದಿನಗಳಲ್ಲಿ, ‘ಸುನಾಮಿಗೆ ಸಾಕಷ್ಟು ಬಂದಿದೆ, ಇನ್ನು ಬೇಡ’ ಎಂದು ಹೇಳಿ, ಹೆಚ್ಚಿನದನ್ನು ಬೇರೆ ಕಡೆ ಬಳಸಬಹುದೆ ಎಂದು ದಾನಿಗಳನ್ನೇ ಕೇಳಿತು. ನಾವೂ ಕೇಳೋಣ ಎಂದೆ. “ಇನ್ನೂರು ಜನರನ್ನೇ?” ಎಂದು ಅಧ್ಯಕ್ಷರು ಹುಬ್ಬೇರಿಸಿದರು.

ಕೇಳಿದೆವು. ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಉಳಿದದ್ದೆಷ್ಟು, ಠೇವಣಿ ಇಟ್ಟು ಸುಮ್ಮನಿದ್ದದ್ದು ನಮ್ಮ ತಪ್ಪು ಎಂಬುದನ್ನೂ ಬರೆದು ಇನ್ನೂರ ಹನ್ನೆರಡು ಜನರಿಗೆ ಪತ್ರ ಕಳಿಸಿದೆವು. ಉತ್ತರಕ್ಕೆ ಮೂವತ್ತು ದಿನ. ಉತ್ತರಿಸದವರನ್ನು ಏನು ಮಾಡುವುದು ಎಂಬುದಕ್ಕೆ ಎರಡು ಸಂಜೆ ಜಗಳವಾಯಿತು. ಮೌನ ಸಮ್ಮತಿ ಎಂದು ಹೆಚ್ಚಿನವರ ಮತ. ನಾನು ಒಪ್ಪಲಿಲ್ಲ. ಬೇರೆ ಊರಿಗೆ ಕಳಿಸಲು ಬಾಯಿಬಿಟ್ಟು ಹೂಂ ಅನ್ನಬೇಕು. ಸುಮ್ಮನಿದ್ದವರ ಪಾಲು ಕೊಡಗಿನಲ್ಲೇ ಉಳಿಯಬೇಕು. ಕೊನೆಗೆ ಅದೇ ನಿಂತಿತು.

ಅರ್ಧಕ್ಕಿಂತ ಹೆಚ್ಚು ಜನ ‘ಎಲ್ಲಿಗಾದರೂ ಸರಿ’ ಎಂದು ಬರೆದರು. ಒಬ್ಬ ನಿವೃತ್ತ ಗುಮಾಸ್ತರು ಮಾತ್ರ ಹಣ ವಾಪಸು ಕೇಳಿದರು. ಅವರು ಕೊಟ್ಟದ್ದು ಐದು ಸಾವಿರ. ಡಿಸೆಂಬರ್‌ನ ಲೆಕ್ಕದ ಶೇ 40ರಂತೆ ಅವರ ಪಾಲು ಎರಡು ಸಾವಿರ. ಲೆಕ್ಕದ ಹಾಳೆಯೊಂದಿಗೆ ಚೆಕ್ ಕಳಿಸಿದೆವು. ಅವರು ಆ ವರ್ಷ ದೇಣಿಗೆಗೆ ಸಿಗುವ 80ಜಿ ತೆರಿಗೆ ರಿಯಾಯಿತಿ ಪಡೆದಿದ್ದರೆ ಅದನ್ನು ಸರಿಪಡಿಸಿಕೊಳ್ಳಬೇಕು ಎಂದು ಆಡಿಟರ್ ಹೇಳಿದ ಮಾತನ್ನೂ ಸೇರಿಸಿದೆವು. ಅವರು ಫೋನ್ ಮಾಡಿ, “ಕೊಟ್ಟದ್ದಕ್ಕೆ ಲೆಕ್ಕ ಕೇಳುವ ಹಕ್ಕಿದೆಯೋ ಇಲ್ಲವೋ ಎಂದು ನೋಡಿದೆ ಅಷ್ಟೇ,” ಎಂದರು. ಚೆಕ್ಕನ್ನು ಮಾತ್ರ ನಗದು ಮಾಡಿಕೊಂಡರು.

ರಾಮದುರ್ಗದ ಪಾಲು ನೀರು ಹೊಕ್ಕ ಮಗ್ಗಗಳ ರಿಪೇರಿಗೆ, ನೂಲಿಗೆ ಹೋಯಿತು. ಕೊಡಗಿನ ಪಾಲಿಗೆ ಕೆಲಸ ಹುಡುಕಬೇಕಾಗಲಿಲ್ಲ. ಅದೇ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡಿನ ದಂಡೆಯ ಮನೆಗಳಿಗೆ ನುಗ್ಗಿತ್ತು.

ಈಗ ನಮ್ಮ ಪ್ರತಿ ಮನವಿಯ ಕೆಳಗೂ, ರಸೀದಿಯ ಬೆನ್ನಿಗೂ ಎರಡು ಸಾಲು ಅಚ್ಚಾಗಿರುತ್ತವೆ: ‘ಹಣ ಉಳಿದರೆ ಅದೇ ಜಿಲ್ಲೆಯ ಪುನರ್ವಸತಿಗೆ ಬಳಸುತ್ತೇವೆ. ಅದೂ ಮುಗಿದರೆ ನಿಮ್ಮನ್ನು ಕೇಳುತ್ತೇವೆ.’ ಈ ಸಾಲು ನೋಡಿದವರು ಹಣ ಉಳಿದೇ ಉಳಿಯುತ್ತದೆ ಎಂದುಕೊಂಡು ಕಡಿಮೆ ಕೊಡುತ್ತಾರೆ ಎಂದು ಅಧ್ಯಕ್ಷರು ಈಗಲೂ ಗೊಣಗುತ್ತಾರೆ. ಇರಬಹುದು. ಛಾವಣಿಗೆ ಬೇರೆಯೇ ಚಂದಾ ಎತ್ತಿದೆವು. ಇನ್ನೂ ಪೂರ್ತಿ ಬಂದಿಲ್ಲ.